ಹನ್ನೆರಡು ತಿಂಗಳ ಹೂವು, ನೂರು ವರ್ಷದ ನೆರಳು

ಮಕ್ಕಳೇ, ಬೆಂಗಳೂರಿಗೆ ಹೋದಾಗ ಲಾಲ್‌ಬಾಗ್ ನೋಡಿದ್ದೀರಾ? ಹೈದರ್ ಅಲಿ 1760ರಲ್ಲಿ ಶುರು ಮಾಡಿದ ತೋಟ ಅದು. 1908ರಲ್ಲಿ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರಿಕೆ ತಜ್ಞರು ಅಲ್ಲಿಗೆ ಬಂದರು. ಒಂದು ಜಾತಿಯ ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂದು ಯೋಚಿಸಿ ಅವರು ಬೆಂಗಳೂರಿನ ರಸ್ತೆಗಳಲ್ಲಿ ಮರ ನೆಡಿಸಿದರು. ಅಲ್ಲಿ ಜಕರಾಂಡದ ನೇರಳೆ ಬಣ್ಣ ಮುಗಿಯುತ್ತಿದ್ದಂತೆ ಗುಲ್‌ಮೊಹರ್‌ನ ಕೆಂಪು ಶುರುವಾಗುತ್ತೆ. ಕ್ರುಂಬಿಗಲ್ 1956ರಲ್ಲಿ ತೀರಿಕೊಂಡರು. ಅವರ ಯೋಚನೆ ಇವತ್ತಿಗೂ ಹೂ ಬಿಡುತ್ತಿದೆ.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ಹೊರಗೆ ಒಂದೆರಡು ಎಕರೆ ಜಾಗ ಇರುವವರಿಗೂ ಈ ಪಾಠ ಬೇಕು. ತೋಟದ ನಕ್ಷೆ ಬರೆಯುವಾಗ ಜಾಗದ ಜೊತೆಗೆ ಕಾಲವನ್ನೂ ಲೆಕ್ಕ ಹಾಕಬೇಕು. ಹೇಗೆ ಅಂತ ನೋಡೋಣ.

1. ಮಣ್ಣು: ಡಲ್ಲಾಸ್‌ನಿಂದ ಆಸ್ಟಿನ್‌ವರೆಗೆ ಕಪ್ಪು ಜೇಡಿಮಣ್ಣಿನ ಪಟ್ಟಿ ಇದೆ. ನಮ್ಮ ವಿಜಯಪುರ, ಧಾರವಾಡದ ಎರೆಮಣ್ಣಿನ ಹಾಗೇ ಇದು ಮಳೆಗೆ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ. ಆಸ್ಟಿನ್‌ನ ಪಶ್ಚಿಮಕ್ಕೆ ಸುಣ್ಣದ ಕಲ್ಲು, ಮೇಲೆ ತೆಳು ಮಣ್ಣು. ಹ್ಯೂಸ್ಟನ್‌ನಲ್ಲಿ ಮಳೆ ಜಾಸ್ತಿ, ನೀರು ಹರಿದು ಹೋಗಲು ದಾರಿ ಬೇಕು.

2. ದೊಡ್ಡ ಮರಗಳು: ನಿಧಾನವಾಗಿ ಬೆಳೆಯುವುದನ್ನು ಮೊದಲು ನೆಡಿ. ಲೈವ್ ಓಕ್ ನೂರಾರು ವರ್ಷ ಬಾಳುತ್ತೆ. ಪೀಕನ್ ಟೆಕ್ಸಾಸ್‌ನ ರಾಜ್ಯ ಮರ, ಕಾಯಿ ಬಿಡಲು ಹಲವು ವರ್ಷ ಬೇಕು. ಇವತ್ತು ಗಿಡ ಸಣ್ಣದು ಅಂತ ಮನೆಗೆ ಒತ್ತಿ ನೆಡಬೇಡಿ. ಗಿಡ ನೆಡಲು ಚಳಿಗಾಲ ಬರುವ ಮುಂಚಿನ ದಿನಗಳು ಒಳ್ಳೆಯವು. ಫೆಬ್ರವರಿಯಿಂದ ಜೂನ್‌ವರೆಗೆ ಓಕ್ ಕೊಂಬೆ ಕತ್ತರಿಸಬಾರದು. ಆಗ ಓಕ್ ವಿಲ್ಟ್ ಎಂಬ ರೋಗ ಗಾಯದ ಮೂಲಕ ಸುಲಭವಾಗಿ ಹರಡಿ ಮರವನ್ನೇ ಕೊಲ್ಲುತ್ತೆ.

3. ಹೂವಿನ ಸರದಿ: ವಸಂತದ ಮೊದಲಿಗೆ ರೆಡ್‌ಬಡ್, ಆಮೇಲೆ ಬ್ಲೂಬಾನೆಟ್. ಬೇಸಿಗೆಗೆ ಕ್ರೇಪ್ ಮರ್ಟಲ್, ಇದು ನಮ್ಮೂರಿನ ಹೊಳೆದಾಸವಾಳದ ಹತ್ತಿರದ ಬಂಧು! ಅಕ್ಟೋಬರ್ ಹೊತ್ತಿಗೆ ನೇರಳೆ ಆಸ್ಟರ್. ಬ್ಲೂಬಾನೆಟ್ ಬೀಜವನ್ನು ಹಿಂದಿನ ಶರತ್ಕಾಲದಲ್ಲೇ ಬಿತ್ತಬೇಕು.

4. ಅಜ್ಜಿಯ ಗಿಡಗಳು: ಕರಿಬೇವು, ಮಲ್ಲಿಗೆ ಇಲ್ಲದೆ ಮನೆ ತೋಟ ಪೂರ್ತಿ ಆಗಲ್ಲ. ಆದರೆ ಫೆಬ್ರವರಿ 2021ರಲ್ಲಿ ಡಲ್ಲಾಸ್‌ನಲ್ಲಿ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್ ಚಳಿ ಬಿತ್ತು. ಅಂಥ ಚಳಿಯನ್ನು ಇವು ತಡೆಯಲ್ಲ. ಆದ್ದರಿಂದ ಕುಂಡದಲ್ಲಿ ಬೆಳೆಸಿ, ಚಳಿ ಬಂದಾಗ ಒಳಗೆ ತನ್ನಿ.

ಅಪ್ಪ ಅಮ್ಮಂದಿರೇ, ನಕ್ಷೆ ಬರೆಯುವಾಗ ಮಕ್ಕಳನ್ನೂ ಕೂರಿಸಿಕೊಳ್ಳಿ. ಇವತ್ತು ನೆಟ್ಟ ಓಕ್ ಮರದ ದೊಡ್ಡ ನೆರಳು ಸಿಗುವುದು ಅವರಿಗೇ. ತಾವು ನೀರು ಹಾಕಿ ಬೆಳೆಸಿದ ಮರ ಇದು ಅಂತ ಅವರಿಗೆ ಗೊತ್ತಿದ್ದರೆ ತೋಟ ಮುಂದೆಯೂ ಉಳಿಯುತ್ತೆ.

ಮಾಡಿ ನೋಡಿ: ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ನಿಮ್ಮ ಬೀದಿಯಲ್ಲಿ ಯಾವ ತಿಂಗಳು ಯಾವ ಹೂ ಅರಳುತ್ತೆ ಎಂದು ಗುರುತು ಹಾಕಿ. ಖಾಲಿ ಉಳಿದ ತಿಂಗಳಿಗೆ ಯಾವ ಗಿಡ ನೆಡುತ್ತೀರಿ?