ಚಳ್ಳಕೆರೆಯೋ, ಮೊಳಕಾಲ್ಮುರೋ?

ಮನೆ ಕೊಳ್ಳುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಚದರಡಿ ರೇಟು. ನೀವು ಅದಕ್ಕಿಂತ ಮೊದಲು, ಮನೆಮಂದಿ ದಿನಾ ಬೆಳಿಗ್ಗೆ ಯಾವ ಕಡೆಗೆ ಬಸ್ಸು ಹತ್ತುತ್ತಾರೆ ಎಂದು ನೋಡಿ. ನೌಕರಿ ಚಿತ್ರದುರ್ಗದಲ್ಲಿದ್ದರೆ ಚಳ್ಳಕೆರೆಯೇ ಸರಿ, ದಾರಿ ಸುಮಾರು 30 ಕಿ.ಮೀ. ಬಳ್ಳಾರಿಗೋ ರಾಯದುರ್ಗಕ್ಕೋ ಓಡಾಡುವವರಿಗೆ ಮೊಳಕಾಲ್ಮುರು ಅನುಕೂಲ. ಆದರೆ ಆ ಪೇಟೆ ಹೆದ್ದಾರಿಯ ಮೇಲಿಲ್ಲ. ಹೆದ್ದಾರಿಯಲ್ಲಿರುವ ಹಾನಗಲ್‌ನಿಂದ ಒಳಕ್ಕೆ ಹೋಗಬೇಕು. ರಾತ್ರಿ ತಡವಾಗಿ ಅಲ್ಲಿಳಿದರೆ ಮುಂದಕ್ಕೆ ಗಾಡಿ ಸಿಗುತ್ತದೆಯೇ? ಒಮ್ಮೆ ನೀವೇ ಹೋಗಿ ನೋಡಿ.

ಚಳ್ಳಕೆರೆ ತಾಲ್ಲೂಕಿನ ಕುದಾಪುರಕ್ಕೆ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಬಂದಮೇಲೆ ಬ್ರೋಕರುಗಳ ಬಾಯಲ್ಲಿ ನಾಯಕನಹಟ್ಟಿ ರಸ್ತೆಯ ಪ್ರತಿ ಸೈಟೂ 'ಸೈನ್ಸ್ ಸಿಟಿ ಪಕ್ಕ'ವೇ! ಆ ಮಾತಿಗೆ ದುಡ್ಡು ಕೊಡಬೇಡಿ. ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆಯ ಮಂಜೂರಾತಿ, ಇ-ಖಾತೆ, ಋಣಭಾರ ಪತ್ರ ಇವಿಷ್ಟೂ ಕೈಗೆ ಬರುವವರೆಗೆ ಮುಂಗಡ ಬೇಡ.

ಮೊಳಕಾಲ್ಮುರಿನ ನೇಕಾರರ ಬೀದಿಯಲ್ಲಿ ಹಳೇ ಮನೆ ಸಿಕ್ಕರೆ ಪಡಸಾಲೆಯ ನೆಲ ನೋಡಿ. ರೇಷ್ಮೆ ಸೀರೆ ನೇಯುತ್ತಿದ್ದ ಗುಂಡಿ ಮಗ್ಗದ ಕುಳಿಯನ್ನು ಸರಿಯಾಗಿ ತುಂಬದೆ ಮೇಲೆ ಟೈಲ್ಸ್ ಹಾಕಿದ್ದರೆ ನೆಲ ಕುಸಿಯುತ್ತದೆ.

ಎರಡೂ ಕಡೆ ನೀರಿನದೇ ದೊಡ್ಡ ಚಿಂತೆ. ಮಳೆ ಕಡಿಮೆ, ಅಂತರ್ಜಲದಲ್ಲಿ ಫ್ಲೋರೈಡ್ ಕಾಟ ಬೇರೆ. ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಡಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯ ಅಕ್ಕನನ್ನು ಕೇಳಿ, ಮಾರುವವನನ್ನಲ್ಲ. ಅದೂ ಏಪ್ರಿಲ್‌ನಲ್ಲಿ ಕೇಳಿ.

ಓದುವ ಮಕ್ಕಳಿದ್ದು, ಎರಡೂ ದಿಕ್ಕಿಗೆ ಓಡಾಟವಿದ್ದರೆ ನನ್ನ ಓಟು ಚಳ್ಳಕೆರೆಗೆ.