ಊರ ಬೊಕ್ಕಸವೂ ಯಂತ್ರಯುಗವೂ

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಗೃಹಿಣಿಯರೂ ಉದ್ಯೋಗಸ್ಥರೂ ಆಗಿರುವರು, ಎಲ್ಲರೂ ಮತದಾರರು. ಆದುದರಿಂದ ಪೌರನೀತಿಯ ಒಂದು ಪಾಠವನ್ನು ಅವರ ಮುಂದೆಯೂ ಪಾಲಕರ ಮುಂದೆಯೂ ಇಡಬಯಸುತ್ತೇವೆ. ಕೈಗಳ ಕೆಲಸವನ್ನು ಯಂತ್ರವು ವಹಿಸಿಕೊಂಡಾಗ ಊರಿನ ನೀರು, ದೀಪ, ಚರಂಡಿಗಳ ವೆಚ್ಚವನ್ನು ಯಾರು ಕೊಡತಕ್ಕದ್ದು?

ಮೊದಲು ವರಮಾನವನ್ನು ತಿಳಿಯೋಣ. ಹಿಂದೆ ಪುರಸಭೆಗಳಿಗೆ ಜಕಾತಿಯು ದೊಡ್ಡ ಆಧಾರವಾಗಿತ್ತು. ಕರ್ನಾಟಕದಲ್ಲಿ ಅದು 1979ರಲ್ಲಿ ರದ್ದಾಯಿತು. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯು ಕೇಂದ್ರಕ್ಕೂ ರಾಜ್ಯಕ್ಕೂ ಸೇರುತ್ತದೆ. ಊರಿಗೆ ಸ್ವಂತವಾಗಿ ಉಳಿದಿರುವ ಮುಖ್ಯ ಆದಾಯವೆಂದರೆ ಮನೆಪಟ್ಟಿ, ನೀರಪಟ್ಟಿ, ಅಂಗಡಿಗಳ ಬಾಡಿಗೆ. ಮಿಕ್ಕುದು ಬಹುಮಟ್ಟಿಗೆ ಅನುದಾನ.

ಮನೆಪಟ್ಟಿಯು ಕಟ್ಟಡಕ್ಕೂ ನಿವೇಶನಕ್ಕೂ ಬೀಳುವುದೇ ಹೊರತು ಒಳಗಿನ ಕೂಲಿಗಾಗಲಿ ಲಾಭಕ್ಕಾಗಲಿ ಅಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದ ಸ್ತ್ರೀಯರು 1980ರ ಸುಮಾರಿಗೆ ಒಗ್ಗಟ್ಟಾಗಿ ನ್ಯಾಯವಾದ ಕೂಲಿಯನ್ನು ಕೇಳಿದರು. ಅಂಥದೊಂದು ವಖಾರಿಯಲ್ಲಿ ನೂರು ಮಂದಿಯ ಕೆಲಸವನ್ನು ಒಂದೇ ಯಂತ್ರವು ಮಾಡಿತೆನ್ನಿ. ವಖಾರಿಯ ಪಟ್ಟಿಯು ಹೆಚ್ಚದು. ಆದರೆ ಕೂಲಿ ತಪ್ಪಿದ ನೂರು ಮನೆಗಳ ಪಟ್ಟಿಯು ಬಾಕಿ ಬೀಳುವುದು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಹೊಲಗಳಿಗೂ ಇದೇ ಲೆಕ್ಕವು ಸಲ್ಲುತ್ತದೆ. ಸಾಗುವಳಿಯ ಭೂಮಿಗೆ ಗ್ರಾಮ ಪಂಚಾಯತಿಯ ಕಟ್ಟಡ ತೆರಿಗೆಯಿಲ್ಲ; ಆದುದರಿಂದ ಕಟಾವು ಯಂತ್ರದಿಂದಾಗುವ ಉಳಿತಾಯದಲ್ಲಿ ಪಂಚಾಯತಿಗೆ ಪಾಲು ಬಾರದು.

ಹಾಗಾದರೆ ಯಂತ್ರಕ್ಕೇ ಊರು ತೆರಿಗೆ ಹಾಕಬಾರದೇಕೆ? ಮಹಾರಾಷ್ಟ್ರದ ಗಡಿಯು ನಮಗೆ ಅತಿ ಸಮೀಪವಾಗಿದೆ. ಒಂದು ಊರು ಮಾತ್ರ ತೆರಿಗೆ ಹಾಕಿದರೆ ಯಂತ್ರವು ಗಡಿ ದಾಟುವುದು. 2017ರಲ್ಲಿ ಯುರೋಪಿನ ಸಂಸತ್ತು ಕೂಡ ಯಂತ್ರಮಾನವರ ಮೇಲಿನ ತೆರಿಗೆಯ ಸಲಹೆಯನ್ನು ಒಪ್ಪಲಿಲ್ಲ. ಲಾಭದ ಮೇಲಿನ ತೆರಿಗೆಯು ಮೇಲಿನ ಬೊಕ್ಕಸಕ್ಕೆ ಹೋಗುವುದರಿಂದ, ಅದರ ನ್ಯಾಯವಾದ ಪಾಲು ಊರಿಗೆ ಇಳಿದು ಬರುವುದೇ ಸರಿಯಾದ ಮಾರ್ಗವೆಂದು ನಮಗೆ ತೋರುತ್ತದೆ. 1992ರ 73 ಮತ್ತು 74ನೆಯ ಸಂವಿಧಾನ ತಿದ್ದುಪಡಿಗಳು ಇದಕ್ಕಾಗಿಯೇ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗವನ್ನು ನೇಮಿಸಬೇಕೆಂದು ವಿಧಿಸಿವೆ. ಆ ಪಾಲನ್ನು ಕೇಳುವ ಬಾಯಿ ಊರಿಗೆ ಇರಬೇಕು.

ಸುಂಕದವರ ಮುಖ್ಯಸ್ಥನಾದ ಜಕ್ಕಾಯನು ಅನ್ಯಾಯವಾಗಿ ಪಡೆದುದನ್ನು ನಾಲ್ಕರಷ್ಟಾಗಿ ಹಿಂದಿರುಗಿಸಲು ಒಪ್ಪಿದ ಕಥೆಯನ್ನು ನೀವು ಬಾಲ್ಯದಲ್ಲೇ ಕಲಿತಿದ್ದೀರಿ. ವಸೂಲು ಮಾಡುವವನು ಲೆಕ್ಕ ಒಪ್ಪಿಸತಕ್ಕವನು. ಶಕ್ತಿಯುಳ್ಳವನು ಕಾಲಕ್ಕೆ ಸರಿಯಾಗಿ ಸಲ್ಲಿಸತಕ್ಕವನು. ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ನಮ್ಮ ಹೆಣ್ಣುಮಕ್ಕಳು ಗ್ರಾಮಸಭೆಗೆ ಹೋಗಲಿ, ಜಮಾಖರ್ಚಿನ ಪಟ್ಟಿಯನ್ನು ಕೇಳಿ ಓದಲಿ. ಶಾಲೆಯಲ್ಲಿ ಕಲಿತ ಗಣಿತಕ್ಕೆ ಇದಕ್ಕಿಂತ ಉತ್ತಮ ಉಪಯೋಗವನ್ನು ನಾವು ಕಾಣೆವು.