ಸ್ಕ್ರೀನ್ ಕಪ್ಪಾಯಿತೇ? ಹಳೆಯ ಮಾಡೆಲ್ ಎಸ್ ಇಟ್ಟುಕೊಂಡವರಿಗೆ

ಫ್ರಿಮಾಂಟ್‌ನಲ್ಲೋ ಸನ್ನಿವೇಲ್‌ನಲ್ಲೋ ಇರುವ ಎಷ್ಟೋ ಕನ್ನಡಿಗರ ಮನೆ ಮುಂದೆ ಈಗ ಸೆಕೆಂಡ್‌ಹ್ಯಾಂಡ್ ಟೆಸ್ಲಾ ಮಾಡೆಲ್ ಎಸ್ ನಿಂತಿರುತ್ತದೆ. ನಿಮ್ಮದೂ ಅಂಥದ್ದೇ ಅಂತಿಟ್ಟುಕೊಳ್ಳೋಣ. ಒಂದು ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡಲು ಹೊರಟರೆ 17 ಇಂಚಿನ ಆ ದೊಡ್ಡ ಸ್ಕ್ರೀನ್ ಕಪ್ಪಗೆ ಕೂತಿದೆ.

ಭಯಪಡಬೇಡಿ. ಬ್ರೇಕು, ಸ್ಟೀರಿಂಗು, ಮೋಟಾರು ನೋಡಿಕೊಳ್ಳುವ ಕಂಪ್ಯೂಟರ್‌ಗಳೇ ಬೇರೆ. ಕೈಕೊಟ್ಟಿರುವುದು ಸ್ಕ್ರೀನಿನ ಹಿಂದಿರುವುದು. ಗಾಡಿ ಓಡುತ್ತದೆ. ಆದರೆ ರಿವರ್ಸ್ ಕ್ಯಾಮೆರಾ ಇಲ್ಲ, ಗಾಜಿನ ಮಂಜು ತೆಗೆಯಲು ಒತ್ತುವ ಬಟನ್ ಇಲ್ಲ, ಕೆಲವೊಮ್ಮೆ ಇಂಡಿಕೇಟರಿನ ಟಿಕ್‌ಟಿಕ್ ಸದ್ದೂ ಇಲ್ಲ. ಹಾಗಾಗಿ ಉದಾಸೀನವೂ ಬೇಡ.

1. ಗಾಡಿಯನ್ನು ಪಾರ್ಕ್‌ಗೆ ಹಾಕಿ. ಓಡುವಾಗ ಮುಂದಿನ ಹಂತಕ್ಕೆ ಕೈ ಹಾಕಬೇಡಿ.

2. ರೀಬೂಟ್ ಮಾಡಿ. ಸ್ಟೀರಿಂಗ್ ಮೇಲೆ ಎಡಕ್ಕೊಂದು ಬಲಕ್ಕೊಂದು ತಿರುಗಿಸುವ ಪುಟ್ಟ ಚಕ್ರಗಳಿವೆ. ಎರಡನ್ನೂ ಒಟ್ಟಿಗೆ ಒತ್ತಿ, ಸ್ಕ್ರೀನ್ ಮೇಲೆ ಟೆಸ್ಲಾ ಗುರುತು ಮೂಡುವ ತನಕ ಹಿಡಿದೇ ಇರಿ. ಹೊಸಬರು ಎಡವುವುದು ಇಲ್ಲೇ: ಎರಡು ಸೆಕೆಂಡಿಗೆ ಕೈ ಬಿಟ್ಟು 'ಆಗಲಿಲ್ಲ' ಅನ್ನುತ್ತಾರೆ. ನಿಧಾನವಾಗಿ ಮೂವತ್ತರವರೆಗೆ ಎಣಿಸಿ.

3. ಇಂದಿನ ತಾರೀಖು ಬರೆದಿಡಿ. ವರ್ಷಕ್ಕೊಮ್ಮೆ ಹೀಗಾದರೆ ಚಿಂತೆಯಿಲ್ಲ. ವಾರಕ್ಕೊಮ್ಮೆ ಆದರೆ, ಅಥವಾ ಬೆರಳಿಟ್ಟ ಮೇಲೆ ಸ್ಕ್ರೀನ್ ಯೋಚನೆ ಮಾಡಿ ಓಗೊಡುತ್ತಿದ್ದರೆ, ಕಾಯಿಲೆ ಒಳಗಿದೆ.

4. ಸ್ಕ್ರೀನ್ ಬಂದಾಗ ಒಳಗಿನ ಪ್ರೊಸೆಸರ್ ಯಾವುದೆಂದು ನೋಡಿ. ಕಂಟ್ರೋಲ್ಸ್‌ಗೆ ಹೋಗಿ, ಸಾಫ್ಟ್‌ವೇರ್ ಒತ್ತಿ, ಅಲ್ಲಿ ಗಾಡಿಯ ಹೆಚ್ಚಿನ ಮಾಹಿತಿ ತೆರೆಯಿರಿ. ಇಂಟೆಲ್ ಆಟಮ್ ಅಂತಿದ್ದರೆ ನಿಮ್ಮದು ಹೊಸ ಬೋರ್ಡ್, ಕೆಳಗಿನ ಚಿಪ್ಪಿನ ಕಥೆ ನಿಮಗಲ್ಲ. ಎನ್‌ವಿಡಿಯಾ ಟೆಗ್ರಾ ಅಂತಿದ್ದರೆ ಮುಂದೆ ಓದಿ.

ಟೆಗ್ರಾ ಬೋರ್ಡಿನಲ್ಲಿ 8 ಜಿಬಿಯ ಒಂದು ಮೆಮೊರಿ ಚಿಪ್ ಇದೆ. ಗಾಡಿ ತನ್ನ ದಿನಚರಿಯನ್ನು ಬಿಡುವಿಲ್ಲದೆ ಅದರಲ್ಲಿ ಬರೆದು, ಅಳಿಸಿ, ಮತ್ತೆ ಬರೆಯುತ್ತದೆ. ಶಾಲೆಯಲ್ಲಿ ಒಂದೇ ಲೆಕ್ಕವನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಗುತ್ತಿತ್ತಲ್ಲ, ಹಾಗೆ. ಒಂದೊಂದು ಜಾಗವೂ ಸುಮಾರು 3,000 ಸಲ ಅಳಿಸಿ ಬರೆಯುವುದನ್ನು ತಾಳುತ್ತದೆ. ಐದಾರು ವರ್ಷಕ್ಕೆ ಅದು ಮುಗಿಯುತ್ತದೆ. ಲಕ್ಷ ಡಾಲರ್ ಮುಟ್ಟುತ್ತಿದ್ದ ಗಾಡಿಗೆ ಇಷ್ಟು ಚಿಕ್ಕ ಚಿಪ್ ಹಾಕಿದ್ದು ಜಿಪುಣತನವೇ ಸರಿ, ನನ್ನ ಲೆಕ್ಕದಲ್ಲಿ.

5. ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದ್ದರೆ ತಡೆಯಿರಿ. ಅಪ್‌ಡೇಟ್ ಅಂದರೆ ಸವೆದ ಹಾಳೆಯ ಮೇಲೆ ಮತ್ತಷ್ಟು ಬರವಣಿಗೆ.

6. 12 ವೋಲ್ಟಿನ ಬ್ಯಾಟರಿ ಪರೀಕ್ಷೆ ಮಾಡಿಸಿ. ನೆಲದಡಿಯ ದೊಡ್ಡ ಬ್ಯಾಟರಿಯಲ್ಲ. ಪೆಟ್ರೋಲ್ ಕಾರಿನಲ್ಲಿರುವಂಥದ್ದೇ ಪುಟ್ಟ ಲೆಡ್ ಆಸಿಡ್ ಬ್ಯಾಟರಿ. ಮುಂದಿನ ಡಿಕ್ಕಿಯ ಪ್ಲಾಸ್ಟಿಕ್ ಮುಚ್ಚಳಗಳಡಿ ಇರುತ್ತದೆ. ಅದು ಸೊರಗಿದರೂ ಕಂಪ್ಯೂಟರ್‌ಗಳು ಹುಚ್ಚುಚ್ಚಾಗಿ ಆಡುತ್ತವೆ. ನಾಲ್ಕು ವರ್ಷ ದಾಟಿದ್ದರೆ ಮೊದಲು ಅದನ್ನೇ ಬದಲಿಸಿ, ಖರ್ಚು ಕಡಿಮೆ. ಎಚ್ಚರ: ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ, ಅದು ನೂರಾರು ವೋಲ್ಟಿನದು.

ಮ್ಯಾಪು, ಹಾಡು ಮಾತ್ರ ಬರುತ್ತಿಲ್ಲವೇ? ಎಟಿ ಆ್ಯಂಡ್ ಟಿ ತನ್ನ 3ಜಿ ಸೇವೆಯನ್ನು 2022ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಆರಂಭದ ಗಾಡಿಗಳಲ್ಲಿ 3ಜಿ ಮೋಡೆಮ್ ಇತ್ತು. ಆಗ ತಪ್ಪು ಚಿಪ್ಪಿನದಲ್ಲ.

7. ವಿನ್ ನಂಬರ್ ಬರೆದುಕೊಳ್ಳಿ. ಚಾಲಕನ ಕಡೆ, ಮುಂಗಾಜಿನ ಕೆಳಗಿನ ಮೂಲೆಯಲ್ಲಿ 17 ಅಕ್ಷರ, ಅಂಕಿಗಳ ಸಾಲು. ಹತ್ತನೆಯದು ಗಾಡಿಯ ವರ್ಷ: 'ಸಿ' ಅಂದರೆ 2012, 'ಜೆ' ಅಂದರೆ 2018.

8. ಆ ನಂಬರನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ರೀಕಾಲ್ ಪುಟದಲ್ಲಿ ಹಾಕಿ. ಅದರ ತನಿಖೆಯ ನಂತರ, 2021ರ ಆರಂಭದಲ್ಲಿ ಸುಮಾರು 1,35,000 ಗಾಡಿಗಳನ್ನು ಇದೇ ಚಿಪ್ಪಿಗಾಗಿ ಟೆಸ್ಲಾ ವಾಪಸ್ ಕರೆಯಿತು: 2012ರಿಂದ 2018ರ ಮಾಡೆಲ್ ಎಸ್, 2016ರಿಂದ 2018ರ ಮಾಡೆಲ್ ಎಕ್ಸ್. 8 ಜಿಬಿ ತೆಗೆದು 64 ಜಿಬಿ ಇರುವ ಬೋರ್ಡ್ ಹಾಕುತ್ತಾರೆ, ದುಡ್ಡಿಲ್ಲದೆ. ಹಳೆಯ ಮಾಲೀಕರು ಮಾಡಿಸಿಬಿಟ್ಟಿದ್ದಾರೋ ಇಲ್ಲವೋ ಇಲ್ಲೇ ತಿಳಿಯುತ್ತದೆ.

9. ಬಾಕಿ ಇದ್ದರೆ ಇವತ್ತೇ ಸರ್ವಿಸ್‌ಗೆ ಬುಕ್ ಮಾಡಿ. ಪುಕ್ಕಟೆ ರಿಪೇರಿಗಿರುವ 15 ವರ್ಷದ ಮಿತಿಯನ್ನು ಎಣಿಸುವುದು ಗಾಡಿ ಮೊದಲು ಮಾರಾಟವಾದ ದಿನದಿಂದ ರೀಕಾಲ್ ನೋಟಿಸ್ ಹೊರಟ ದಿನದ ತನಕ, ಇಂದಿನ ತನಕ ಅಲ್ಲ. ಹಾಗಾಗಿ 2012ರ ಗಾಡಿಗೂ ಆ ಹಕ್ಕಿದೆ. ಆದರೂ ತಡ ಮಾಡದಿರಲು ಕಾರಣವಿದೆ. ನಿಮ್ಮ ಗಾಡಿಯ ಗುರುತಿನ ಕೀಲಿಗಳು ಆ ಚಿಪ್ಪಿನಲ್ಲೇ ಇವೆ. ಚಿಪ್ ಅರೆಜೀವ ಇರುವಾಗ ಅವನ್ನು ನಕಲು ಮಾಡುವುದು ಸುಲಭ. ಪೂರ್ತಿ ಸತ್ತ ಮೇಲೆ ತಿಣುಕಾಟ. ಗುಜರಿ ಗಾಡಿಯ ಕಂಪ್ಯೂಟರ್ ತಂದು ಕೂರಿಸೋಣ ಅನ್ನುವ ಗೆಳೆಯನ ಮಾತು ಕೇಳಬೇಡಿ. ಅದು ತನ್ನ ಹಳೆಯ ಗಾಡಿಯನ್ನೇ ಮನೆ ಅಂದುಕೊಂಡಿರುತ್ತದೆ.

10. ಹೋಗುವ ಮುನ್ನ ಮನೆ, ಆಫೀಸ್ ವಿಳಾಸಗಳು, ಸೀಟಿನ ಪ್ರೊಫೈಲ್‌ಗಳು, ಗ್ಯಾರೇಜ್ ಬಾಗಿಲಿನ ಸೆಟ್ಟಿಂಗ್ ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆದಿಡಿ. ಅಳಿಸಿಹೋದರೆ ಮತ್ತೆ ಹಾಕಬಹುದು.

11. ರಿಪೇರಿ ಆದ ಮೇಲೆ ಸರ್ವಿಸ್ ಸೆಂಟರಿನ ಅಂಗಳದಲ್ಲೇ ರಿವರ್ಸ್ ಹಾಕಿ ನೋಡಿ. ಕ್ಯಾಮೆರಾ ಬಂತೇ? ಎಡ, ಬಲ ಇಂಡಿಕೇಟರ್ ಹಾಕಿ, ಟಿಕ್‌ಟಿಕ್ ಕೇಳಿಸಿತೇ? ಡಿಫ್ರಾಸ್ಟ್ ಒತ್ತಿ, ಗಾಳಿ ಬಂತೇ? ಮೂರೂ ಆದ ಮೇಲೆ ಸಹಿ ಹಾಕಿ.